ಬೂದಿಬಟ್ಟಲು

ಸಂಸಾರಕ್ಕೆ ಬೇಕಾದ ಸಾಮಾನುಗಳ ಪಟ್ಟಿಯನ್ನು ಯಾರು ಬರೆದರೂ ಅದರಲ್ಲಿ ಸೌಟಿಗೆ ಸ್ಥಾನವುಂಟು, ಜರಡಿಗೆ ಸ್ಥಾನವುಂಟು, ಮುರುಕು ಇಕ್ಕಳಕ್ಕೂ ಒಂದು ಮೂಲೆಯುಂಟು. ಬೂದಿಬಟ್ಟಲಿಗೆ ಮಾತ್ರ ಇಲ್ಲ. ಅದು ಯಾರೂ ಆರಿಸಿ ಕೊಳ್ಳುವ ವಸ್ತುವಲ್ಲ. ತಾನಾಗಿ ಬಂದು ಮನೆಯನ್ನು ಸೇರುವ ವಸ್ತು. ಮದುವೆಯ ಉಡುಗೊರೆಗಳ ರಾಶಿಯಲ್ಲಿ ಆರು ಗೋಡೆ ಗಡಿಯಾರಗಳ ಜೊತೆಗೆ ಅದೂ ಬಂದಿರುತ್ತದೆ. ಒಂದು ಕಾಲದಲ್ಲಿ ಬೆಂಗಳೂರಿನ ನಡುಮನೆಗಳಲ್ಲಿ, ಮನೆಯವರು ಯಾರೂ ಹೊಗೆ ಸೇದದಿದ್ದರೂ, ಬರುವ ಅತಿಥಿಗೆಂದು ಮೇಜಿನ ಮೇಲೆ ಒಂದು ಗಾಜಿನ ಬಟ್ಟಲನ್ನು ಇಡುತ್ತಿದ್ದರು. ಎಲೆಯಡಿಕೆಯ ತಟ್ಟೆಗೆ ಇದ್ದ ಮರ್ಯಾದೆಯೇ ಅದಕ್ಕೂ ಇತ್ತು. ಈಗ ಎರಡೂ ಇಲ್ಲ.

ಜಯನಗರದ ಏಳನೆಯ ಬ್ಲಾಕಿನಲ್ಲಿ, ಸಂಪಿಗೆಯ ಮರವೊಂದು ಕಾಂಪೌಂಡಿನಾಚೆಗೆ ಬಾಗಿ ನಿಂತಿರುವ ಒಂದು ಹಳೆಯ ಮನೆಯಲ್ಲಿ ಅಂಥ ಗಾಜಿನ ಬಟ್ಟಲು ಇನ್ನೂ ಉಳಿದಿತ್ತು. ಮನೆಯ ಯಜಮಾನರು ಸರ್ಕಾರದ ಎಂಜಿನಿಯರಾಗಿದ್ದು ನಿವೃತ್ತರಾದವರು, ವಯಸ್ಸು ಎಪ್ಪತ್ತೆರಡು. ದುಶ್ಚಟಗಳೆಂದು ಹೆಸರಿಸಬಹುದಾದುವುಗಳಲ್ಲಿ ಅವರಿಗೆ ಇದ್ದದ್ದು ಒಂದೇ. ವಿದೇಶದಲ್ಲಿರುವ ತಂಗಿಯ ಮಗ ವರ್ಷಕ್ಕೊಮ್ಮೆ ಬಂದಾಗ ಇಪ್ಪತ್ತೈದು ಸಿಗಾರುಗಳ ಒಂದು ಮರದ ಪೆಟ್ಟಿಗೆಯನ್ನು ತಂದುಕೊಡುತ್ತಿದ್ದ. ಭಾನುವಾರದ ಊಟವಾದ ಮೇಲೆ ಯಜಮಾನರು ಬೆತ್ತದ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಅವುಗಳಲ್ಲಿ ಒಂದನ್ನು ಹಚ್ಚುವರು. ವಾರಕ್ಕೆ ಒಂದು; ಹೆಚ್ಚಿಲ್ಲ. ಹಾಗೆಂದು ಅವರು ಹೇಳುತ್ತಿದ್ದರು.

ಒಂದು ಭಾನುವಾರ ಅವರು ಅರ್ಧ ಸೇದಿದ ಸಿಗಾರನ್ನು ಗಾಜಿನ ಬಟ್ಟಲಿನ ಅಂಚಿನ ಮೇಲಿಟ್ಟು, ದೂರವಾಣಿ ಕರೆಗೆ ಉತ್ತರ ಕೊಡಲು ಒಳಗೆ ಹೋದರು. ಆ ಬಟ್ಟಲಿನ ಕಚ್ಚುಗಳು ಸಿಗರೇಟಿಗಾಗಿ ಮಾಡಿದವು. ಸಿಗರೇಟಿನ ದಪ್ಪ ಎಂಟು ಮಿಲಿಮೀಟರ್. ಸಿಗಾರಿನ ದಪ್ಪ ಅದರ ಎರಡೂವರೆಯಷ್ಟು. ಮಗುವಿನ ತೊಟ್ಟಿಲಿನಲ್ಲಿ ಪೈಲ್ವಾನನನ್ನು ಮಲಗಿಸಿದಂತೆ ಅದು ಅಲ್ಲಿ ತೂಗಾಡುತ್ತಿತ್ತು. ಫ್ಯಾನಿನ ಗಾಳಿಗೋ, ಮೇಜು ಅಲುಗಿದ್ದಕ್ಕೋ ಉರುಳಿತು. ಉರುಳಿ ಕುರ್ಚಿಯ ಹತ್ತಿಯ ದಿಂಬಿನ ಮೇಲೆ ಬಿತ್ತು. ಆ ಕುರ್ಚಿಗೆ ಒಂದು ಮಾರು ದೂರದಲ್ಲಿ, ಚಾಪೆಯ ಮೇಲೆ, ನಾಲ್ಕು ವರ್ಷದ ಮೊಮ್ಮಗಳು ನಿದ್ದೆ ಹೋಗಿದ್ದಳು.

ಅಡಿಗೆಮನೆಯಲ್ಲಿದ್ದ ಅಜ್ಜಿಗೆ ವಾಸನೆ ತಿಳಿಯಿತು. ಆಕೆ ಓಡಿ ಬಂದು ಚೊಂಬಿನ ನೀರನ್ನು ದಿಂಬಿಗೆ ಸುರಿದರು. ದಿಂಬಿನಲ್ಲಿ ರೂಪಾಯಿಯಗಲದ ಒಂದು ತೂತು. ಮಗು ಎಚ್ಚರಗೊಳ್ಳಲೂ ಇಲ್ಲ.

"ಒಂದು ದಿಂಬು ತಾನೆ ಹೋದದ್ದು," ಎಂದರು ಯಜಮಾನರು.

ಎರಡು ಗಂಟೆಯಾದ ಮೇಲೆ, ಹಿತ್ತಿಲ ಕಲ್ಲಿನ ಮೇಲೆ ಒಣಗಲು ಇಟ್ಟಿದ್ದ ದಿಂಬಿನಿಂದ ಮತ್ತೆ ಹೊಗೆಯೇಳತೊಡಗಿತು. ಹತ್ತಿಯ ಸ್ವಭಾವವೇ ಅದು. ಮೇಲೆ ಆರಿದಂತೆ ಕಂಡರೂ ಒಳಗೊಳಗೇ, ಉರಿಯಿಲ್ಲದೆ, ಗಂಟೆಗಟ್ಟಲೆ ಬೇಯುತ್ತದೆ. ಆಕೆ ಅದನ್ನು ಒಂದು ಬಕೀಟು ನೀರಿನಲ್ಲಿ ಮುಳುಗಿಸಿ ಮೇಲೆ ಇಟ್ಟಿಗೆಯೊಂದನ್ನು ಹೇರಿದರು. ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ನಲವತ್ತೆರಡು ವರ್ಷಗಳ ದಾಂಪತ್ಯದಲ್ಲಿ ಯಜಮಾನರು ಕಲಿತಿದ್ದ ಪಾಠವೆಂದರೆ, ಆಕೆ ಗದರಿದರೆ ಕ್ಷಮೆಯುಂಟು, ಸುಮ್ಮನಾದರೆ ಇಲ್ಲ ಎಂಬುದು.

ಸಂಜೆ ಬನಶಂಕರಿಯಿಂದ ಮಗಳು ಮಗುವನ್ನು ಕರೆದೊಯ್ಯಲು ಬಂದಳು. ಆಕೆ ವೈದ್ಯೆ, ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ ಕೆಲವು ಕಾಲ ದುಡಿದವಳು. ಬಾಯಿಯ ಕ್ಯಾನ್ಸರಿನವರ ಮುಖಗಳನ್ನು ಹತ್ತಿರದಿಂದ ಕಂಡಿದ್ದವಳಿಗೆ ಹೊಗೆಸೊಪ್ಪಿನ ವಿಷಯದಲ್ಲಿ ವಿನೋದವೆಂಬುದು ಉಳಿದಿರಲಿಲ್ಲ. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲವಾದ್ದರಿಂದ ಅಪಾಯವಿಲ್ಲವೆಂದು ತಂದೆ ಹೇಳಿದಾಗಲೆಲ್ಲ, "ಬಾಯಿ ಎದೆಗಿಂತ ಕಡಿಮೆಯೇನಪ್ಪ?" ಎಂದು ಕೇಳುತ್ತಿದ್ದಳು. ಆ ದಿನ ಅದನ್ನೂ ಕೇಳಲಿಲ್ಲ. ದಿಂಬನ್ನು ನೋಡಿದಳು, ಚಾಪೆಯನ್ನು ನೋಡಿದಳು, ಮಗುವನ್ನು ಎತ್ತಿಕೊಂಡಳು. "ಅಮ್ಮ, ಇನ್ನು ಮೇಲೆ ಭಾನುವಾರ ಇವಳನ್ನು ಇಲ್ಲಿ ಬಿಡೋದಿಲ್ಲ," ಎಂದಳು.

ಆ ರಾತ್ರಿ ಯಜಮಾನರಿಗೆ ಮಡದಿ ಒಂದೇ ಮಾತು ಹೇಳಿದರು: "ನಾಳೆ ನಾನು ಆಶ್‌ಟ್ರೇ ತರ್ತೀನಿ."

ಮಗಳಿಗೆ ಈ ಸುದ್ದಿ ತಿಳಿದಾಗ ಆಶ್ಚರ್ಯಕ್ಕಿಂತ ನೋವೇ ಹೆಚ್ಚಾಯಿತು. ಕಾನೂನು ಕೂಡ ಅವಳ ಪಕ್ಷದಲ್ಲಿತ್ತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಸೇದುವುದು ನಿಷಿದ್ಧ. ಆ ನಿಯಮಗಳು ಸೇದುವವನನ್ನು ತಡೆಯುವುದರೊಂದಿಗೆ ನಿಲ್ಲುವುದಿಲ್ಲ. ನಿಷೇಧವಿರುವ ಸ್ಥಳದಲ್ಲಿ ಬೂದಿಬಟ್ಟಲು, ಬೆಂಕಿಪೊಟ್ಟಣ, ಲೈಟರುಗಳನ್ನು ಒದಗಿಸಲೂ ಕೂಡದೆಂದು ಸ್ಥಳದ ಮಾಲೀಕನಿಗೆ ಅಪ್ಪಣೆ ಮಾಡುತ್ತವೆ. ಬಟ್ಟಲನ್ನು ಇಟ್ಟರೆ ಆಹ್ವಾನ ಕೊಟ್ಟಂತೆಯೇ ಸರಿ ಎಂಬುದು ಅದರ ತಾತ್ಪರ್ಯ. "ನೀನೇ ಆಶ್‌ಟ್ರೇ ತಂದುಕೊಟ್ಟರೆ, ಸೇದಿ ಅಂತ ನೀನೇ ಹೇಳಿದ ಹಾಗಲ್ಲವಾ ಅಮ್ಮ?" ಎಂದು ಅವಳು ಕೇಳಿದಳು. ತಾಯಿಗೆ ಉತ್ತರ ಹೊಳೆಯಲಿಲ್ಲ. ಆದರೂ ಚೀಲ ಹಿಡಿದು ಹೊರಟರು.

ಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿದ, ಹೊಚ್ಚ ಹೊಸ ಸಿಗಾರೊಂದಿತ್ತು. ರವಿಕೆಯ ಅಳತೆಗೆ ಹಳೆಯ ರವಿಕೆಯನ್ನು ಕೊಂಡೊಯ್ಯುವ ನ್ಯಾಯವೇ ಇದು. ನಾಲ್ಕನೆಯ ಬ್ಲಾಕಿನ ಪಾತ್ರೆಯಂಗಡಿಯಲ್ಲಿ ಹಣೆಯಗಲ ಕುಂಕುಮವಿಟ್ಟ ಹಿರಿಯ ಗೃಹಿಣಿಯೊಬ್ಬರು ಗಲ್ಲಾದ ಮೇಲೆ ಸಿಗಾರನ್ನಿಟ್ಟು, "ಇದು ಮಲಗೋ ಹಾಗೆ ಒಂದು ಬಟ್ಟಲು ಕೊಡಿ," ಎಂದಾಗ ಅಂಗಡಿಯವನ ಕೈಯ ತಕ್ಕಡಿ ನಿಂತಲ್ಲೇ ನಿಂತಿತು.

"ಯಾರಿಗಮ್ಮ?"

"ಮನೆಗೆ."

ಅವನು ಮುಂದೆ ಕೇಳಲಿಲ್ಲ. ಉಕ್ಕಿನ ಬಟ್ಟಲೊಂದನ್ನು ತೋರಿಸಿದ. ಅದು ಅಂಗೈಯಷ್ಟು ಹಗುರ. ಅಂಚಿನ ಮೇಲೆ ಸಿಗಾರಿಟ್ಟೊಡನೆ ಬಟ್ಟಲೇ ಮಗುಚಿತು. ಹೀಗೆ ಮೊದಲನೆಯ ಸೂತ್ರ ಆಕೆಗೆ ತಿಳಿಯಿತು. ಬಟ್ಟಲು ಭಾರವಾಗಿರಬೇಕು, ಇಟ್ಟ ವಸ್ತುವಿಗೆ ಅದು ಅಂಜಬಾರದು.

ಗಾಂಧಿಬಜಾರಿನಲ್ಲಿ ಸಿಕ್ಕ ಪಿಂಗಾಣಿಯ ಬಟ್ಟಲು ಎರಡನೆಯ ಸೂತ್ರವನ್ನು ಕಲಿಸಿತು. ಅದು ಭಾರವಾಗಿತ್ತು, ಆಳವಾಗಿತ್ತು, ಕಚ್ಚೂ ಅಗಲವಾಗಿತ್ತು; ಆದರೆ ಕಚ್ಚಿನ ಉದ್ದ ಅರ್ಧ ಅಂಗುಲ. ಐದಾರು ಅಂಗುಲದ ಸಿಗಾರು ಅರ್ಧ ಅಂಗುಲದ ಆಸರೆಯ ಮೇಲೆ ನಿಲ್ಲಬೇಕಾದರೆ ಅದು ದೊಂಬರಾಟವಾಗುತ್ತದೆ. ತಕ್ಕಡಿಯ ದಂಡದಂತೆ ಅದಕ್ಕೂ ಒಂದು ತೂಕದ ಮಧ್ಯಬಿಂದುವಿದೆ. ಉರಿದಂತೆಲ್ಲ ಆ ಬಿಂದು ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಸಿಗಾರಿಗೆ ಬೇಕಾದದ್ದು ಕಚ್ಚಲ್ಲ, ಕಾಲುವೆ: ಎರಡು ಅಂಗುಲಕ್ಕೆ ಕಡಿಮೆಯಿಲ್ಲದ ಉದ್ದ, ದಪ್ಪಕ್ಕಿಂತ ಒಂದೆಳೆ ಹೆಚ್ಚಿನ ಅಗಲ. ಸಿಗಾರಿನ ವ್ಯಾಪಾರದವರು ಅದರ ದಪ್ಪವನ್ನು ಅಂಗುಲದ ಅರವತ್ತನಾಲ್ಕನೆಯ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. 50 ಎಂದು ಕರೆಯುವ ಸಿಗಾರಿನ ದಪ್ಪ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್. ಯಜಮಾನರ ಪೆಟ್ಟಿಗೆಯವು ಅದೇ ಗಾತ್ರದವು.

ಮೂರನೆಯ ದಿನ ಆಕೆ ಮಹಾತ್ಮಾ ಗಾಂಧಿ ರಸ್ತೆಯ ಕಾವೇರಿ ಮಳಿಗೆಗೆ ಹೋದರು. ಚನ್ನಪಟ್ಟಣದ ಅರಗಿನ ಕೆಲಸದ ಬಟ್ಟಲುಗಳು ಕಣ್ಣು ಸೆಳೆದವು. ಆದರೆ ಮರಕ್ಕೂ ಅರಗಿಗೂ ಕೆಂಡದೊಂದಿಗೆ ಎಂಥ ಸ್ನೇಹ? ಪಾಂಡವರ ಕಥೆಯನ್ನು ಕೇಳಿದ ಮನೆಯಲ್ಲಿ ಅದನ್ನು ವಿವರಿಸಬೇಕಾಗಿಲ್ಲ. ಅನಂತರ ಕಂಡದ್ದು ಬೀದರಿನ ಬಿದರಿ ಕೆಲಸದ ಪಾತ್ರೆಗಳು. ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿಗಳು ಬೆಳದಿಂಗಳಿನಂತೆ ಹರಡಿದ್ದವು. ಆಕೆಯ ಮನಸ್ಸು ಅಲ್ಲಿಯೇ ನಿಂತಿತು. ಕೈಯೂ ಚೀಲದ ಹಣದತ್ತ ಹೋಯಿತು. ಆದರೂ ವಿಚಾರಿಸದೆ ಕೊಳ್ಳುವವರಲ್ಲ.

ಬಿದರಿಯ ಲೋಹದಲ್ಲಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಬೆಳ್ಳಿಯ ತಂತಿಯನ್ನು ಕೊರೆದು ಕೂರಿಸಿದ ಮೇಲೆ ಬೀದರಿನ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಕಾಯಿಸಿ, ಲೇಪಿಸುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಕಪ್ಪು ಮೇಲ್ಮೈಯದು. ದಿನವೂ ಬೂದಿಯನ್ನು ಉಜ್ಜಿ ತೊಳೆದರೆ ಸವೆದುಹೋಗುವಂಥದು. ಸತುವು ಸುಮಾರು 420 ಡಿಗ್ರಿ ಶಾಖಕ್ಕೆ ಕರಗುವ ಲೋಹ. ಉಸಿರೆಳೆದಾಗ ಹೊಗೆಸೊಪ್ಪಿನ ಕೆಂಡ ಅದಕ್ಕಿಂತ ಬಹಳ ಬಿಸಿಯೇರುತ್ತದೆ. ಅಷ್ಟು ಸಣ್ಣ ಕೆಂಡಕ್ಕೆ ಬಟ್ಟಲು ಕರಗಿ ಹರಿಯುವುದಿಲ್ಲ, ನಿಜ. ಆದರೆ ಅದರ ಮೈ ಕೆಡುತ್ತದೆ. ಹಿಂದೆ ಬಿದರಿಯಲ್ಲಿ ಹುಕ್ಕಾಗಳನ್ನೇ ಮಾಡುತ್ತಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಮಾಡುತ್ತಿದ್ದರು, ಆದರೆ ಬಿದರಿಯಲ್ಲಿ ಮಾಡುತ್ತಿದ್ದದ್ದು ನೀರು ತುಂಬುವ ಕೆಳಗಿನ ಬುಡವನ್ನು. ಕೆಂಡವಿಡುವ ಚಿಲುಮೆ ಬೇರೆಯೇ, ಎಲ್ಲಕ್ಕಿಂತ ಮೇಲೆ. ಯಾವುದು ಬೆಂಕಿಯನ್ನು ಹೊರಬೇಕು, ಯಾವುದು ಅಲಂಕಾರವನ್ನು ಹೊರಬೇಕು ಎಂಬುದನ್ನು ಆ ಕುಶಲಿಗಳು ಚೆನ್ನಾಗಿ ಅರಿತಿದ್ದರು. ಆಕೆ ಬಿದರಿಯ ಬಟ್ಟಲನ್ನು ಎರಡು ಸಲ ಸವರಿ ಕೆಳಗಿಟ್ಟರು.

ಬರಿಗೈಯಲ್ಲಿ ಹಿಂದಿರುಗಿದ ಆಕೆಗೆ ಪಕ್ಕದ ಮನೆಯವರು ಬಾಗಿಲಲ್ಲೇ ಸಿಕ್ಕಿದರು. ವಿಮಾನ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಅವರಿಗೆ, ಯಾವ ಮಾತು ತೆಗೆದರೂ ಅದನ್ನು ವಿಮಾನಕ್ಕೆ ಹತ್ತಿಸುವ ಶಕ್ತಿಯುಂಟು. ಆಶ್‌ಟ್ರೇ ಎಂದೊಡನೆ ಅವರು 1967ಕ್ಕೆ ಹಾರಿದರು. ಆ ವರ್ಷ ಏರ್ ಇಂಡಿಯಾ ಸಂಸ್ಥೆಗಾಗಿ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ಒಂದು ಪಿಂಗಾಣಿಯ ಬೂದಿಬಟ್ಟಲನ್ನು ರೂಪಿಸಿಕೊಟ್ಟ. ನಡುವೆ ಚಿಪ್ಪು, ಅಂಚಿಗೆ ಸುತ್ತಿದ ಹಾವು, ಕೆಳಗೆ ಆಧಾರವಾಗಿ ಆನೆಯ ತಲೆ ಮತ್ತು ಹಂಸ. ತಿರುಗಿಸಿ ನೋಡಿದರೆ ಆನೆ ಹಂಸವಾಗುತ್ತಿತ್ತು, ಹಂಸ ಆನೆಯಾಗುತ್ತಿತ್ತು. ಸಂಭಾವನೆಯಾಗಿ ಅವನು ಕೇಳಿದ್ದು ಒಂದು ಆನೆಮರಿಯನ್ನು! ಅದನ್ನು ಬೆಂಗಳೂರಿನಿಂದಲೇ ವಿಮಾನದಲ್ಲಿ ಕಳುಹಿಸಿಕೊಟ್ಟರು.

"ಒಂದು ಆಶ್‌ಟ್ರೇಗೆ ನಮ್ಮೂರಿನ ಆನೆ ಹೋಯಿತೇ!" ಎಂದರು ಆಕೆ. "ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡದು ಹೋಗ್ತಿತ್ತು." ಅವರು ದಿಂಬಿನ ಕಥೆಯನ್ನೂ, ಮಗಳ ಪ್ರಶ್ನೆಯನ್ನೂ ಹೇಳಿದರು.

ನೆರೆಯವರು ಒಡನೆ ಗಂಭೀರರಾದರು. "ತಾಯಿ, ಈಗ ವಿಮಾನದಲ್ಲಿ ಸಿಗರೇಟು ಸೇದೋ ಹಾಗಿಲ್ಲ. ಆದರೂ ಅದರ ಶೌಚದ ಬಾಗಿಲ ಬಳಿ ಇವತ್ತಿಗೂ ಒಂದು ಆಶ್‌ಟ್ರೇ ಇರುತ್ತೆ. ಇರಲೇಬೇಕು ಅಂತ ನಿಯಮ. ಯಾಕೆ ಗೊತ್ತೆ?" ಎಂದು ಕೇಳಿ ತಾವೇ ಹೇಳಿದರು. 1973ರ ಜುಲೈ 11ರಂದು ಬ್ರೆಜಿಲಿನ ವಾರಿಗ್ ಸಂಸ್ಥೆಯ ವಿಮಾನವೊಂದು ಪ್ಯಾರಿಸ್ಸನ್ನು ಸಮೀಪಿಸುತ್ತಿದ್ದಾಗ ಅದರ ಹಿಂಭಾಗದ ಶೌಚಾಲಯದಲ್ಲಿ ಬೆಂಕಿ ಹುಟ್ಟಿತು. ಕಾಗದದ ಕಸದ ಡಬ್ಬಿಗೆ ಬಿದ್ದ ಸಿಗರೇಟಿನ ತುಂಡು ಅದಕ್ಕೆ ಕಾರಣವಿರಬಹುದೆಂದು ಶಂಕಿಸಲಾಯಿತು. ವಿಮಾನ ಹೊಲವೊಂದರಲ್ಲಿ ಇಳಿಯಿತಾದರೂ 123 ಜನ ಸತ್ತರು. ಬಹುಮಂದಿಯನ್ನು ಕೊಂದದ್ದು ಹೊಗೆ. "ನಿಷೇಧ ಮಾಡಿದ ಮೇಲೂ ಮುರಿಯೋನೊಬ್ಬ ಇದ್ದೇ ಇರ್ತಾನೆ, ತಾಯಿ. ಅವನು ಕಳ್ಳತನದಲ್ಲಿ ಸೇದಿ ಹೆದರಿಕೆಯಿಂದ ಕಸದ ಡಬ್ಬಿಗೆ ಹಾಕಬಾರದು. ಅದಕ್ಕೆ ಆ ಬಟ್ಟಲು."

ಆಕೆ ಆ ರಾತ್ರಿ ಬಹಳ ಹೊತ್ತು ಯೋಚಿಸಿದರು. ಒಂದು ಕಾನೂನು ಬಟ್ಟಲನ್ನು ಇಡಬಾರದೆನ್ನುತ್ತದೆ, ಇನ್ನೊಂದು ಇಡಲೇಬೇಕೆನ್ನುತ್ತದೆ. ಎರಡೂ ವಿವೇಕದ ಮಾತುಗಳೇ. ಹೋಟೆಲಿನಲ್ಲಿ ಕುಳಿತವನು ಎದ್ದು ಬೀದಿಗೆ ಹೋಗಬಹುದು. ಆಕಾಶದಲ್ಲಿ ಕುಳಿತವನು ಎಲ್ಲಿಗೆ ಹೋದಾನು? ಹಾಗಾದರೆ ಮನೆ ಯಾವುದರಂತೆ? ಮಗು ಮಲಗುವ ನಡುಮನೆ ಹೋಟೆಲಿನಂತೆ. ಅಲ್ಲಿ ಬಟ್ಟಲು ಇರಕೂಡದು. ಆದರೆ ಎಪ್ಪತ್ತೆರಡು ವರ್ಷದ ಗಂಡನನ್ನು ಬೀದಿಗೆ ಕಳುಹಿಸಲಾಗುವುದೇ? ಕಳುಹಿಸಿದರೆ ಅವರು ಹಿತ್ತಿಲಲ್ಲೋ ಮಹಡಿಯ ಉಗ್ರಾಣದಲ್ಲೋ ಕದ್ದು ಸೇದುವರು. ಕದ್ದು ಸೇದಿದ ತುಂಡು ಎಲ್ಲಿ ಬಿದ್ದೀತೆಂದು ಹೇಳುವವರಾರು? ಮಹಡಿಯ ಮೇಲಣ ಬಯಲು ವಿಮಾನದಂತೆ. ಅಲ್ಲಿ ಬಟ್ಟಲು ಇರಲೇಬೇಕು. ಆದರೆ ಮಹಡಿಯ ಬಟ್ಟಲು ಒಂದು ಮಳೆಗಾಲದ ಸಂಜೆ ಮೆಲ್ಲಗೆ ಕೆಳಗಿಳಿದು ಮತ್ತೆ ಕಿಟಕಿಯ ಬಳಿಗೆ ಬಂದು ಕೂರದಂತೆ ಮಾಡುವುದು ಹೇಗೆ?

ಬೆಳಗಾಗುವಾಗ ಉತ್ತರ ಸಿಕ್ಕಿತು. ಅಳಿಯನನ್ನು ಕರೆದುಕೊಂಡು ಆಕೆ ಜಿಗಣಿಯ ಕಡೆಗೆ ಹೊರಟರು. ಅಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳು ಬಹಳ. ಬೆಂಗಳೂರು ಕೂತಿರುವುದೇ ಕಲ್ಲಿನ ಮೇಲೆ. ಜಯನಗರಕ್ಕೆ ಕೂಗಳತೆಯ ದೂರದ ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಬೆಂಕಿಯ ಹೊಟ್ಟೆಯಲ್ಲಿ ಹುಟ್ಟಿದ ಕಲ್ಲಿಗೆ ಸಿಗಾರಿನ ಕೆಂಡ ಏನು ಮಾಡೀತು? ಅಮೃತಶಿಲೆಯಾದರೆ ಹುಣಸೆಹಣ್ಣು, ನಿಂಬೆಹುಳಿ ತಾಗಿದರೂ ಹೊಳಪು ಕಳೆದುಕೊಳ್ಳುತ್ತದೆ. ಅದು ಸುಣ್ಣದ ಜಾತಿಯ ಕಲ್ಲು. ಗ್ರಾನೈಟಿಗೆ ಆ ಚಿಂತೆಯೂ ಇಲ್ಲ.

ಶೆಡ್ಡಿನ ಮೇಸ್ತ್ರಿ ಮೂಲೆಯಲ್ಲಿ ಬಿದ್ದಿದ್ದ ಬೂದುಬಣ್ಣದ ತುಂಡೊಂದನ್ನು ತಂದ. ಹದಿನೆಂಟು ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ದಪ್ಪ. ಆಕೆ ಸೀಮೆಸುಣ್ಣದಿಂದ ಗುರುತು ಮಾಡಿದರು.

"ಏನಮ್ಮ, ಪುಟಾಣಿ ಒರಳಾ? ಒರಳಿಗೆ ಪಕ್ಕದಲ್ಲಿ ಕಾಲುವೆ ಯಾಕೆ?"

ಆಕೆ ಕರವಸ್ತ್ರವನ್ನು ಬಿಚ್ಚಿ ತೋರಿಸಿದರು. ಮೇಸ್ತ್ರಿ ಅಳಿಯನ ಮುಖವನ್ನು ನೋಡಿದ. ಅಳಿಯ ಆಕಾಶವನ್ನು ನೋಡಿದ.

ನಡುವೆ ಆಳವಾದ ಗುಣಿ. ಒಂದಂಗುಲ ಉದ್ದದ ಬೂದಿ ಒಮ್ಮೆಲೇ ಬಿದ್ದರೂ ಗಾಳಿಗೆ ಹಾರಬಾರದು. ಅಂಚಿನಿಂದ ಗುಣಿಯ ಕಡೆಗೆ ಸ್ವಲ್ಪ ಇಳಿಜಾರಾದ ಕಾಲುವೆ. ಸಿಗಾರು ಜಾರಿದರೆ ಒಳಗೇ ಜಾರಬೇಕು, ಹೊರಗಲ್ಲ. ಮೂಲೆಗಳೆಲ್ಲ ದುಂಡಗೆ, ಒದ್ದೆ ಬಟ್ಟೆ ಎಲ್ಲಿಯೂ ಸಿಕ್ಕಿಕೊಳ್ಳದೆ ಓಡಾಡಬೇಕು. ಮೇಸ್ತ್ರಿಗೆ ಕೆಲಸ ಹಿಡಿಸಿತು. ಅಂದಕ್ಕಾಗಿ ನಾಲ್ಕೂ ದಿಕ್ಕಿಗೆ ನಾಲ್ಕು ಕಾಲುವೆ ಕೊರೆಯುತ್ತೇನೆಂದ.

"ಬೇಡಪ್ಪ, ಒಂದೇ ಸಾಕು. ನಾಲ್ಕಾದರೆ ಜೊತೆಗಾರರು ಬರ್ತಾರೆ."

ಬಟ್ಟಲು ಸಿದ್ಧವಾದಾಗ ಮೂರು ಕಿಲೋ ತೂಗಿತು. "ಭಾರ ಆಯ್ತಲ್ಲಮ್ಮ, ತಳ ಕಡಿಮೆ ಮಾಡ್ಲಾ?" ಎಂದು ಅವನು ಕೇಳಿದ. ಆಕೆ ಒಪ್ಪಲಿಲ್ಲ. ಆಕೆಗೆ ಬೇಕಾಗಿದ್ದದ್ದು ಆ ಭಾರವೇ. ಮಂಡಿನೋವಿನ ಮನುಷ್ಯ ಮೂರು ಕಿಲೋ ಕಲ್ಲನ್ನು ಹೊತ್ತು ಹದಿನೆಂಟು ಮೆಟ್ಟಿಲುಗಳನ್ನು ಇಳಿಯಲಾರ.

ಭಾನುವಾರ ಮಹಡಿಯ ಮೇಲೆ, ಸಂಪಿಗೆಯ ನೆರಳಿನಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ ಕಲ್ಲಿನ ಬಟ್ಟಲು ಕುಳಿತಿತ್ತು. ಪಕ್ಕದಲ್ಲಿ ಬೆತ್ತದ ಕುರ್ಚಿ, ದಿಂಬಿಲ್ಲದ ಕುರ್ಚಿ. ಯಜಮಾನರು ಎಲ್ಲವನ್ನೂ ನೋಡಿದರು. ಕಾಲುವೆಯಲ್ಲಿ ಸಿಗಾರನ್ನಿಟ್ಟು ಬೆರಳಿನಿಂದ ತಟ್ಟಿದರು, ಅದು ಅಲುಗಲಿಲ್ಲ. ಎಂಜಿನಿಯರರ ಕಣ್ಣಿಗೆ ಅದರಲ್ಲಿ ದೋಷ ಕಾಣಲಿಲ್ಲ. ಬಟ್ಟಲನ್ನು ಎತ್ತಲು ಹೋಗಿ, ಅದರ ಅರ್ಥವನ್ನೂ ತಿಳಿದುಕೊಂಡು, ಕೈಬಿಟ್ಟರು. "ತುಂಡನ್ನು ಒತ್ತಿ ಆರಿಸಬೇಡಿ," ಎಂದರು ಮಡದಿ. "ಇಟ್ಟಲ್ಲೇ ಬಿಟ್ಟರೆ ತಾನೇ ಆರುತ್ತೆ. ಬೆಳಗ್ಗೆ ನಾನು ಬಂದು ತೆಗೀತೀನಿ."

ಇಲ್ಲಿಯವರೆಗೆ ಯಾರಿಗೂ ಕಾಣದಿದ್ದ ಒಂದು ಸಂಗತಿ ಆಗ ಬಯಲಿಗೆ ಬಂದಿತು. ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಆ ಪತ್ತೇದಾರ ನೆಲದ ಮೇಲೆ ಬಿದ್ದ ಬೂದಿಯನ್ನು ನೋಡಿಯೇ ಕೊಲೆಗಾರ ಸೇದಿದ್ದು ತಿರುಚಿರಾಪಳ್ಳಿಯ ಚುಟ್ಟವೆಂದು ಹೇಳುತ್ತಾನೆ. ಪ್ರತಿ ಬೆಳಿಗ್ಗೆ ಮಹಡಿಗೆ ಹೋಗುವ ಗೃಹಿಣಿಗೆ ಅಷ್ಟು ಪಾಂಡಿತ್ಯ ಬೇಕಾಗಲಿಲ್ಲ. ಸೋಮವಾರ ಬೂದಿಯಿತ್ತು. ಬುಧವಾರವೂ ಇತ್ತು. ಶುಕ್ರವಾರವೂ. ವಾರಕ್ಕೆ ಒಂದೆಂಬ ಲೆಕ್ಕ ಎಷ್ಟು ವರ್ಷಗಳಿಂದ ತಪ್ಪಿತ್ತೋ! ಆಕೆ ಏನನ್ನೂ ಹೇಳಲಿಲ್ಲ. ಶುಕ್ರವಾರದ ಬೂದಿಯನ್ನು ಮಾತ್ರ ತೆಗೆಯದೆ ಹಾಗೆಯೇ ಬಿಟ್ಟರು. ಭಾನುವಾರ ಯಜಮಾನರು ಮೇಲೆ ಹೋದಾಗ ಗುಣಿಯಲ್ಲಿ ಎರಡು ದಿನಗಳ ಹಿಂದಿನ ಬೂದಿ ಅವರಿಗಾಗಿ ಕಾದಿತ್ತು. ಅವರು ಬಹಳ ಹೊತ್ತು ಕುಳಿತರು. ಇಳಿದು ಬಂದಾಗ ಸಿಗಾರು ಹಾಗೆಯೇ ಕೈಯಲ್ಲಿತ್ತು.

"ಸುಳ್ಳು ಹೇಳಬಾರದಾಗಿತ್ತು," ಎಂದರು.

"ಕೈ ತೊಳೆದು ಬನ್ನಿ, ಕಾಫಿ ಆರುತ್ತೆ," ಎಂದರು ಆಕೆ.

ಅಂದಿನಿಂದ ಅವರು ಸಿಗಾರನ್ನು ಪೂರ್ತಿಯಾಗಿ ಬಿಟ್ಟರೆಂದು ಹೇಳಿದರೆ ಅದು ಕಥೆಯಾದೀತು. ಕೆಲವು ವಾರ ಬಿಡುತ್ತಾರೆ. ಒಂದು ವಾರ ಸೇದುತ್ತಾರೆ. ಸೇದಿದ್ದನ್ನು ಅಡಗಿಸುವುದಿಲ್ಲ. ಬಟ್ಟಲು ಬೂದಿಯನ್ನು ಹಿಡಿದೀತೇ ಹೊರತು ಹೊಗೆಯನ್ನು ಹಿಡಿಯಲಾರದೆಂಬ ಮಗಳ ಮಾತು ಸತ್ಯ. ಆ ವಾದವನ್ನು ಅವಳು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಭಾನುವಾರಗಳಂದು ಮಗು ಮತ್ತೆ ಅಜ್ಜಿಯ ಮನೆಯ ಚಾಪೆಯ ಮೇಲೆ ಮಲಗುತ್ತಿದೆ.

ಕಳೆದ ಮಳೆಗಾಲದಲ್ಲಿ ಒಮ್ಮೆ ಮಗಳು ಮಹಡಿಗೆ ಬಟ್ಟೆ ತರಲು ಹೋದಳು. ಕಲ್ಲಿನ ಬಟ್ಟಲಿನಲ್ಲಿ ತಿಳಿಯಾದ ಮಳೆನೀರು ತುಂಬಿತ್ತು. ಅದರಲ್ಲಿ ಎರಡು ಸಂಪಿಗೆಯ ಎಸಳು. ಐದು ವಾರಗಳಿಂದ ಯಾರೂ ಅದನ್ನು ಬಳಸಿರಲಿಲ್ಲ. ಅವಳು ಕೆಳಗೆ ಬಂದು, "ಅಮ್ಮ, ಇನ್ನು ಆ ಕಲ್ಲನ್ನು ತೆಗೆದುಬಿಡಬಹುದಲ್ಲ?" ಎಂದು ಕೇಳಿದಳು.

ತಾಯಿ ಹೆರಳು ಹಾಕುತ್ತಿದ್ದ ಮೊಮ್ಮಗಳ ತಲೆಯಿಂದ ಕಣ್ಣೆತ್ತಲಿಲ್ಲ. "ಅಲ್ಲೇ ಇರಲಿ. ಶನಿವಾರ ನೀರು ಚೆಲ್ಲಿ ಒರೆಸಿಡ್ತೀನಿ," ಎಂದರು.